ಸುಪ್ರಿಯಕ್ಕನ ಹೋಟೆಲಿಗೆ ಬಂದ ರಿಕ್ರೂಟ್

ಊಟ ಬಲ್ಲವಳಿಗೆ ರಜವಿಲ್ಲ, ಮಾತು ಬಲ್ಲವನಿಗೆ ಮಾನವಿಲ್ಲ.

ಗಾದೆ ಹೀಗಿಲ್ಲ ಎಂದು ತಕರಾರು ತೆಗೆಯುವವರು ದಯವಿಟ್ಟು ಆನಂದಪುರಕ್ಕೆ ಬಂದು, ಬಸ್ಸಿನಿಂದಿಳಿದು, ಸಾಗರದ ಕಡೆ ಮುಖ ಮಾಡಿ ನಿಂತು ಎಡಕ್ಕೆ ನೋಡಬೇಕು. ಅಲ್ಲಿ ಒಂದೇ ತಗಡಿನ ಸೂರಿನ ಕೆಳಗೆ ಎರಡು ಅಂಗಡಿಗಳಿವೆ. ಮೊದಲನೆಯದು ‘ಕೆರಿಯಮ್ಮ ಹೋಟೆಲ್’. ಅದರ ಒಡತಿ ಸುಪ್ರಿಯಾ, ಊಟ ಬಲ್ಲವಳು. ಎರಡನೆಯದು ‘ಭಟ್ ಮೊಬೈಲ್ಸ್’. ಅದರ ಯಜಮಾನ ಮಹಾಗಣಪತಿ ಭಟ್ಟ, ಮಾತು ಬಲ್ಲವನು. ಗಾದೆಯ ಎರಡೂ ತುಂಡುಗಳು ಒಂದೇ ಸೂರಿನಡಿ ಬಾಡಿಗೆಗಿರುವಾಗ ಅದನ್ನು ಸುಳ್ಳೆನ್ನುವುದು ಹೇಗೆ? ಮುಂದೆ ಹೇಳುವುದೆಲ್ಲ ನಿಜ. ನಡುವೆ ಅಲ್ಲಲ್ಲಿ ಒಗ್ಗರಣೆ ಬಿದ್ದಿದ್ದರೆ ಅದು ಪಕ್ಕದ ಹೋಟೆಲಿನಿಂದ ಹಾರಿದ್ದು.

ಮಹಾಗಣಪತಿ ಸಾಗರದಲ್ಲಿ ಬಿ.ಎ. ಮಾಡಿದವನು. ಬಿ.ಎ.ಯಲ್ಲಿ ಏನು ಕಲಿತ ಎಂಬುದು ವಿಶ್ವವಿದ್ಯಾಲಯಕ್ಕೂ ತಿಳಿದಿಲ್ಲ. ಆದರೆ ಪ್ರಾಂಶುಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಜೋಗ ನೋಡಲು ಕಳಿಸಿದ್ದನ್ನು ಊರು ಇನ್ನೂ ಮರೆತಿಲ್ಲ. ಈಗ ಮೊಬೈಲ್ ಕವರು, ಸಿಮ್ಮು ಮಾರುತ್ತಾನೆ, ಸಭೆ-ಸಮಾರಂಭಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ, ಬಿಡುವಿನಲ್ಲಿ ಊರವರ ಗಂಟಲು ಕದಿಯುತ್ತಾನೆ. ಪಶುವೈದ್ಯರ ಕೆಮ್ಮು, ಕಂಡಕ್ಟರನ ಮೂಗಿನ ದನಿ, ಪಂಚಾಯಿತಿ ಅಧ್ಯಕ್ಷರ ‘ಆ ವಿಚಾರವಾಗಿ ಹೇಳೋದಾದ್ರೆ’, ಯಾವ ಸಿಮ್ ಹಾಕಿದರೂ ಅವನ ಗಂಟಲು ಹಿಡಿಯುತ್ತಿತ್ತು.

ಸುಪ್ರಿಯಾಳ ಗಂಡ ಮಂಜುನಾಥಪ್ಪ ಸೈನ್ಯದಲ್ಲಿದ್ದವರು. ಅಲ್ಲಿಯೂ ಉಗ್ರಾಣದಲ್ಲಿ. ಲೇಹ್‌ನ ಚಳಿಯಲ್ಲಿ ಜವಾನರಿಗೆ ಕಂಬಳಿ, ಬೂಟು, ಸಕ್ಕರೆ ಕೊಡುತ್ತ ಕೊಡುತ್ತ ಸುಬೇದಾರರಾದರು. “ನಾ ಗುಂಡು ಹಾರ್ಸಿದ್ದು ಕಮ್ಮಿ, ಗುಂಡಿ ಹೊಲಿಸಿದ್ದೇ ಜಾಸ್ತಿ” ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಗಂಡ ಗಡಿ ಕಾಯುತ್ತಿದ್ದಾಗ ಹೆಂಡತಿ ಊರಲ್ಲಿ ಹಾಲು ಕಾಯಿಸುತ್ತಿದ್ದಳು. ಇವೆರಡರಲ್ಲಿ ಕಣ್ಣು ಮಿಟುಕಿಸಿದರೆ ಉಕ್ಕುವುದು ಎರಡನೆಯದೇ. ಒಂದು ಸ್ಟವ್, ಒಂದು ಬೆಂಚು ಇಟ್ಟುಕೊಂಡು ಶುರು ಮಾಡಿದ ಹೋಟೆಲನ್ನು ಅವಳು ಶಿವಮೊಗ್ಗದಿಂದ ಬರುವ ಬಸ್ಸುಗಳು ತಿಂಡಿಗೆ ನಿಲ್ಲುವ ಮಟ್ಟಕ್ಕೆ ತಂದಿದ್ದಳು. ಅತ್ತೆ ಕೆರಿಯಮ್ಮನ ಎರಡೂ ಮಂಡಿಗಳು ಮುಷ್ಕರ ಹೂಡಿದ ಮೇಲೆ ಬೆಳಿಗ್ಗೆ ರೊಟ್ಟಿ ಹಿಟ್ಟು ಕಲಸುವ ಕೈಯೇ ಸಂಜೆ ಆ ಮಂಡಿಗಳಿಗೆ ಎಣ್ಣೆ ತಿಕ್ಕುತ್ತಿತ್ತು.

ಇಂತಿರುವಾಗ ಸುಬೇದಾರರು ನಿವೃತ್ತರಾಗಿ ಊರಿಗೆ ಬಂದರು. ಹಾರ ಬಿತ್ತು, ತಮಟೆ ಬಡಿಯಿತು, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಆಯಿತು. ಮಾರನೆಯ ದಿನ ಟ್ರ್ಯಾಕ್ಟರು ಗದ್ದೆಗೆ ಹೋಯಿತು, ತಮಟೆ ಅಟ್ಟಕ್ಕೆ ಹೋಯಿತು. ಸುಬೇದಾರರಿಗೆ ಮಾತ್ರ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಲಿಲ್ಲ.

ಸಂಜೆಯ ಹೊತ್ತು ಹೋಟೆಲಿನ ಬೆಂಚಿನ ಮೇಲೆ ಕುಳಿತು ಕತೆ ಹೇಳುತ್ತಿದ್ದರು. ಎಲ್ಲ ಕತೆಗಳ ನಾಯಕ ಒಬ್ಬರೇ, ಈಗ ಡೆಹ್ರಾಡೂನಿನಲ್ಲಿರುವ ಅವರ ಹಳೆಯ ಮೇಲಧಿಕಾರಿ ಕರ್ನಲ್ ದುಗ್ಗಲ್. ಈ ಕರ್ನಲ್ಲರು ಮಾತಿಗೆ ಮುಂಚೆ “ಖ್ಹೂಂ, ಖ್ಹೂಂ” ಎಂದು ಎರಡು ಸಲ ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ಮಾತು ಮುಗಿದ ಮೇಲೆ “ಹೈಂ ಜೀ?” ಎನ್ನುತ್ತಿದ್ದರು. ಆ ‘ಹೈಂ ಜೀ’ ಕೇಳಿದರೆ ಲೇಹ್‌ನ ಹಿಮವೇ ಅಟೆನ್ಷನ್ ನಿಲ್ಲುತ್ತಿತ್ತಂತೆ. ಇಂಥ ಗಂಟಲು ಕಣ್ಣೆದುರು ಬಿದ್ದಿರುವಾಗ ಮಹಾಗಣಪತಿ ಬಿಟ್ಟಾನೆಯೆ? ಹೊತ್ತುಕೊಂಡು ಮನೆಗೆ ಹೋಗಿ ಬಚ್ಚಲಿನಲ್ಲಿ ಅಭ್ಯಾಸ ಮಾಡಿದ.

“ಇದಾ, ಬಚ್ಚಲಲ್ಲಿ ಯಾರಿದ್ದ?” ಎಂದು ಅವನ ಹೆಂಡತಿ ದೀಪ್ತಿ ಸೌಟು ಹಿಡಿದು ಓಡಿಬಂದಳು. ಅಭ್ಯಾಸ ಚೆನ್ನಾಗಿತ್ತೆಂಬುದಕ್ಕೆ ಇದಕ್ಕಿಂತ ಸರ್ಟಿಫಿಕೇಟು ಬೇಡ.

* * *

ಒಂದು ಬೆಳಿಗ್ಗೆ ಸುಬೇದಾರರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋಟೆಲಿನ ಬಾಗಿಲಲ್ಲಿ ಬಂದು ನಿಂತರು.

“ಸುಪ್ರಿಯಾ, ಇಷ್ಟ್ ವರ್ಷ ನೀ ಒಬ್ಳೇ ಒದ್ದಾಡಿದ್ದು ಸಾಕು. ಇನ್ಮೇಲೆ ಆರಾಮಾಗಿರು. ಚಾರ್ಜ್ ನಂಗೆ ಕೊಡು.”

ಸುಪ್ರಿಯಾ ಕಾವಲಿಯ ಮೇಲಿನ ರೊಟ್ಟಿ ಮಗುಚಿದಳು. “ಎಂಥ ಚಾರ್ಜು? ಮೊಬೈಲಿಂದಾದ್ರೆ ಪಕ್ಕದ ಭಟ್ರ ಅಂಗ್ಡೀಲಿ ಕೇಳಿ.”

“ಹೋಟ್ಲಿಂದು. ಹ್ಯಾಂಡಿಂಗ್-ಟೇಕಿಂಗ್ ಮಾಡ್ಬೇಕು.”

ಸೈನ್ಯದಲ್ಲಿ ಒಬ್ಬ ಹೋಗಿ ಇನ್ನೊಬ್ಬ ಬರುವಾಗ ಹಳಬ ಹೊಸಬನಿಗೆ ಸೂಜಿಯಿಂದ ಡೇರೆಯವರೆಗೆ ಎಲ್ಲವನ್ನೂ ಮುಟ್ಟಿ ತೋರಿಸಿ ಒಪ್ಪಿಸಬೇಕು. ಒಪ್ಪಿಸಿದವನು ಗಂಟುಮೂಟೆ ಕಟ್ಟಬೇಕು. ಅದೇ ಹ್ಯಾಂಡಿಂಗ್-ಟೇಕಿಂಗ್. ಇದನ್ನು ಸುಬೇದಾರರು ಸೌಟು, ಜರಡಿ, ಕಡುಬು ಬೇಯಿಸುವ ಅಟ್ಟ ಇವುಗಳ ಉದಾಹರಣೆ ಸಮೇತ ವಿವರಿಸಿದರು.

“ಒಪ್ಪಿಸಿದೋಳು ಎಲ್ಲಿಗೆ ಹೋಗ್ಬೇಕು?” ಎಂದಳು ಸುಪ್ರಿಯಾ.

“ಮನೇಗೆ. ರೆಸ್ಟು.”

“ರಿಟೈರ್ ಆಗಿದ್ದು ನೀವು, ರೆಸ್ಟು ನಂಗ್ಯಾಕೆ?” ಅವಳು ಸೌಟನ್ನು ಕೈ ಬದಲಿಸಿದಳು. “ಆಯ್ತು, ಪೋಸ್ಟಿಂಗ್ ಆರ್ಡರ್ ತೋರ್ಸಿ.”

“ಏನು?”

“ನೀವೇ ಹೇಳ್ತಿದ್ರಲ್ಲ, ಆರ್ಡರ್ ಇಲ್ದೆ ಬಂದೋನಿಗೆ ಸ್ಟೋರಿಂದ ಒಂದು ಸೂಜೀನೂ ಕೊಡ್ತಿರ್ಲಿಲ್ಲ ಅಂತ. ನಾನೂ ಕೊಡಲ್ಲ. ಈ ಹೋಟ್ಲಿಗೆ ನಿಮ್ಮನ್ನ ಯಾರು ಪೋಸ್ಟ್ ಮಾಡಿದ್ದು?”

ಪಾಕಿಸ್ತಾನವಾಗಲಿ ಚೀನಾವಾಗಲಿ ಸುಬೇದಾರರನ್ನು ಹೀಗೆ ಒಂದೇ ಏಟಿಗೆ ಕಟ್ಟಿಹಾಕಿರಲಿಲ್ಲ. ನಿಯಮ ಅವರದೇ. “ಬಾತ್ ತೋ ಸಹೀ ಹೈ, ಮಾತು ಸರಿ” ಎಂದು ಗೊಣಗಿ ಹಿಂದಿರುಗಿದರು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮಹಾಗಣಪತಿಗೆ ನಗು ಮೂಗಿನಿಂದ ಬಂತು, ಚಹಾ ಸಮೇತ.

ಆದರೆ ಚಾರ್ಜ್ ತೆಗೆದುಕೊಳ್ಳಲು ಆರ್ಡರ್ ಬೇಕು, ಇನ್‌ಸ್ಪೆಕ್ಷನ್ನಿಗೆ ಬೇಡ ಎಂಬುದು ಸುಬೇದಾರರಿಗೆ ಮಧ್ಯಾಹ್ನದೊಳಗೆ ನೆನಪಾಯಿತು. ಮಾರನೆಯ ದಿನದಿಂದ ಅವರು ಬಾಗಿಲಲ್ಲಿ ನಿಂತರು. ಗಿರಾಕಿಗಳು ಸಾಲಿನಲ್ಲಿ ಬರಬೇಕು. ಎತ್ತರದವರು ಹಿಂದೆ, ಗಿಡ್ಡವರು ಮುಂದೆ. ತಟ್ಟೆ ಎದೆಯ ಮಟ್ಟಕ್ಕೆ. ಊಟದ ನಡುವೆ ಮಾತಿಲ್ಲ. ಮನೆಯಲ್ಲಿಯೂ ಸೀಟಿ ಊದಿದ ಕೂಡಲೇ ಮಂಡಿ ಎಣ್ಣೆಯ ಟೈಮು.

“ನಂಗೆ ಮಂಡಿ ನೋವು ಬರೋ ಟೈಮು ನೀ ಬರೆದಿಟ್ಟೀಯೇನಾ?” ಎಂದು ಕೆರಿಯಮ್ಮ ಕೂಗಿದರು. “ಹೋಗಾ ಅತ್ಲಾಗೆ. ನೋವಿಗೆ ನಿನ್ ಸೀಟಿ ಕೇಳಲ್ಲ.”

ಕೆರಿಯಮ್ಮ ಬೈದರೂ ಅಲ್ಲೇ ಇರುತ್ತಾರೆ, ಎದ್ದು ಹೋಗಲು ಮಂಡಿಯಿಲ್ಲ. ಗಿರಾಕಿಗಳಿಗೆ ಮಂಡಿಯಿತ್ತು. ಶಿವಮೊಗ್ಗ-ಸಾಗರ ಬಸ್ಸಿನ ಡ್ರೈವರ್ ಜಟ್ಟಪ್ಪ ಪ್ರಯಾಣಿಕರನ್ನೆಲ್ಲ ಇಳಿಸಿಕೊಂಡು ತಿಂಡಿಗೆ ಬಂದಾಗ ಸುಬೇದಾರರು ಅವನನ್ನು ತಡೆದರು.

“ಉಗುರು ತೋರ್ಸಿ.”

“ನಾ ತಿಂಡಿಗ್ ಬಂದಿದ್ದಾ, ಭರ್ತಿಗ್ ಬಂದಿದ್ದಾ?” ಎಂದ ಜಟ್ಟಪ್ಪ.

“ಕ್ಲೀನಿಲ್ದೆ ತಿಂಡಿ ಇಲ್ಲ.”

ಜಟ್ಟಪ್ಪ ತನ್ನ ಉಗುರು ನೋಡಿಕೊಂಡ, ಸುಬೇದಾರರನ್ನು ನೋಡಿದ, ಎದುರುಗಡೆಯ ಹೋಟೆಲನ್ನು ನೋಡಿದ. ಆಮೇಲೆ ಬಸ್ಸು ಹತ್ತಿ, ಆ ಬಸ್ಸಿಗಷ್ಟೇ ಇರುವ, ಹಾವಾಡಿಗನ ಪುಂಗಿಯಂತೆ ಏಳುತ್ತ ಬೀಳುತ್ತ ಕೂಗುವ ಹಾರ್ನನ್ನು ಒತ್ತಿ, ರಸ್ತೆ ದಾಟಿಸಿ ಎದುರುಗಡೆ ನಿಲ್ಲಿಸಿದ. ಒಂದು ಬಸ್ಸು ಹೋದರೆ ಉಳಿದವು ಸುಮ್ಮನಿರುತ್ತವೆಯೆ? ಮಂದೆಗೆ ಬಸ್ಸು, ಕುರಿ ಎಂಬ ಭೇದವಿಲ್ಲ. ವಾರ ಕಳೆಯುವುದರೊಳಗೆ ಸುಪ್ರಿಯಾಳ ಕಡುಬು ಅಟ್ಟದಲ್ಲೇ ತಣ್ಣಗಾಗತೊಡಗಿತು. ಹೀಗೇ ಸಾಗಿದರೆ ಚಾರ್ಜ್ ತೆಗೆದುಕೊಳ್ಳಲು ಗಂಡನಿರುತ್ತಾನೆ, ಹೋಟೆಲಿರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಯಿತು.

* * *

ಇಂಥ ಮನೆಗಳು ಇನ್ನೂ ಇದ್ದವೆಂದು ಕಾಣುತ್ತದೆ. ಸಾಗರದಲ್ಲಿ ಮಾಜಿ ಸೈನಿಕರ ಕುಟುಂಬದವರಿಗೆ ಮತ್ತು ಮನೆಯಲ್ಲಿ ಆರೈಕೆ ಮಾಡುವವರಿಗೆ ಒಂದು ಸಭೆ ಕರೆದರು. ಮೈಕ್ ಸೆಟ್ ಮಹಾಗಣಪತಿಯದೇ ಆದ್ದರಿಂದ ಅಲ್ಲಿ ನಡೆದದ್ದಕ್ಕೆ ಅವನೇ ಸಾಕ್ಷಿ, ಅವನ ಸ್ಪೀಕರೇ ಕಾರಣ.

ಶಿವಮೊಗ್ಗದಿಂದ ಬಂದ ಆಪ್ತಸಮಾಲೋಚಕಿ ಸಿಂಚನಾ ಮೇಡಂ ಮೃದುವಾಗಿ ಕೇಳಿದರು: “ನಿಮ್ಮ ಮನೆಯಲ್ಲಿ ಎಲ್ಲರನ್ನೂ ನೋಡಿಕೊಳ್ಳುವವರು ಯಾರು? ಅವರು ಕೈ ಎತ್ತಿ.”

ಸುಬೇದಾರರ ಕೈ ಬಾವುಟದಂತೆ ಮೇಲೇರಿತು. ಪಕ್ಕದಲ್ಲಿದ್ದ ಕೆರಿಯಮ್ಮ ಅದನ್ನು ಹಿಡಿದು ಕೆಳಗೆಳೆದರು.

“ಕೈ ಇಳಸಾ ಮಂಜಾ. ನೀ ಫೋನಲ್ಲಿ ‘ಹ್ಯಾಂಗಿದೀಯವ್ವಾ’ ಅಂದಿದ್ದು. ಎಣ್ಣೆ ತಿಕ್ಕಿದ್ದು ಅವ್ಳು.”

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಇನ್ನೂ ನಾಲ್ಕಾರು ಮಾಜಿ ಯೋಧರು ಎತ್ತಿದ ಕೈಯಲ್ಲೇ ತಲೆ ತುರಿಸಿಕೊಂಡು ಇಳಿಸಿದರು. ಸಿಂಚನಾ ಮೇಡಂ ನಗು ತಡೆದು, ವರ್ಷಗಟ್ಟಲೆ ಒಬ್ಬಳೇ ಮನೆ ನಡೆಸಿದ ಹೆಣ್ಣಿಗೂ ಇದು ಹೊಸ ಬದುಕೇ, ಅವಳಿಗೂ ವಿಶ್ರಾಂತಿ ಬೇಕು, ಅವಳ ಜಾಗ ಅವಳಿಗಿರಬೇಕು ಎಂದು ಬಹಳ ಒಳ್ಳೆಯ ಮಾತು ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: “ಊರಿಗೆ ಮರಳಿದ ಯೋಧರಿಗೆ ಮನೆಯಲ್ಲೊಂದು ಜವಾಬ್ದಾರಿ ಕೊಡಿ.”

ಸುಬೇದಾರರು ಕುರ್ಚಿಯಿಂದ ಚಿಮ್ಮಿ ಅಟೆನ್ಷನ್ ನಿಂತರು. “ಆರ್ಡರ್ ಮಿಲ್ ಗಯಾ ಮೇಡಂ!”

“ಅಯ್ಯೋ, ಆರ್ಡರ್ ಅಲ್ಲ ಸರ್, ಸಲಹೆ.”

“ಮೇಲಿನೋರ ಸಲಹೆ ಅಂದ್ರೆ ಆರ್ಡರ್ರೇ. ಮೈಕಲ್ಲಿ ಬೇರೆ ಹೇಳೀರಿ.” ಹೆಂಡತಿಯ ಕಡೆ ತಿರುಗಿದರು. “ಕೇಳಿದ್ಯಲ್ಲ? ಸೋಮವಾರ ಬೆಳಿಗ್ಗೆ ಹ್ಯಾಂಡಿಂಗ್-ಟೇಕಿಂಗ್.”

ಸುಪ್ರಿಯಾ ಎದ್ದು ನಿಂತಳು. ಅವಳ ದನಿಗೆ ಮೈಕ್ ಬೇಕಾಗಲಿಲ್ಲ. “ಬನ್ನಿ ಸೋಮವಾರ. ಬೀಗದ ಕೈ ನನ್ ಸೊಂಟದಲ್ಲಿರ್ತದೆ. ಪಟಾಲಂ ಸಮೇತ ಬನ್ನಿ. ಯಾರು ಬಿಚ್ಕೊಳ್ತಾರೋ ನೋಡ್ತೀನಿ.”

ಊರಿಗೆ ಮರಳಿದ ಮೇಲೆ ಮಹಾಗಣಪತಿ ಹೋಟೆಲಿನ ಹಿಂಬಾಗಿಲಲ್ಲಿ ಪಿಸುಗುಟ್ಟಿದ: “ಸುಪ್ರಿಯಕ್ಕ, ನನ್ ಹತ್ರ ಒಂದು ಉಪಾಯ ಇದೆ.”

“ಬೇಡ ಭಟ್ರೇ. ನನ್ ಗಂಡ, ನನ್ ಜಗಳ. ನೀವು ಚಹಾ ಕುಡ್ದು ಹೋಗಿ.”

ಆದರೆ ಆ ಚಹಾದ ಭವಿಷ್ಯವೇ ಅಲುಗಾಡುತ್ತಿತ್ತಲ್ಲ! ಮೇಲಾಗಿ, ಕಲಿತ ಗಂಟಲನ್ನು ಬಳಸದೆ ಇಟ್ಟರೆ ತುರಿಸುತ್ತದೆ. ಮಹಾಗಣಪತಿ ಮನೆಗೆ ಹೋಗಿ ಹೆಂಡತಿಗೆ ಉಪಾಯ ಹೇಳಿದ.

“ರಿಟೈರ್ ಆದವಂಗೆ ಕರ್ನಲ್ಲು ಎಂತ ಆರ್ಡರ್ ಕೊಡ್ತ?” ಎಂದಳು ದೀಪ್ತಿ. “ಆ ಮನುಷ್ಯಂಗೆ ಗೊತ್ತಾದ್ರೆ ಎಂಗೊ ಇಬ್ರೂ ಊರು ಬಿಡಕಾಗ್ತು.”

“ಗೊತ್ತಾಗ್ತಿಲ್ಲೆ. ಬಚ್ಚಲಲ್ಲಿ ನಿಂಗೇ ಗೊತ್ತಾಗಿದ್ದಿಲ್ಲೆ” ಎಂದ ಮಹಾಗಣಪತಿ.

* * *

ಭಾನುವಾರ ಮಧ್ಯಾಹ್ನ ಅವನು ಹೊಸ ಸಿಮ್ ಹಾಕಿ, ಅಂಗಡಿಯ ಹಿಂದಿನ ಹಲಸಿನ ಮರದ ಮರೆಯಲ್ಲಿ ನಿಂತು ಫೋನ್ ಮಾಡಿದ. ಹೋಟೆಲಿನ ಹಿತ್ತಲಿನಲ್ಲಿ ಸುಬೇದಾರರು ಫೋನ್ ಎತ್ತಿದ್ದು ಎಲೆಗಳ ಸಂದಿಯಿಂದ ಕಾಣುತ್ತಿತ್ತು.

“ಖ್ಹೂಂ, ಖ್ಹೂಂ. ಸುಬೇದಾರ್ ಮಂಜುನಾಥಪ್ಪ! ಡೆಹ್ರಾಡೂನ್ ಸೇ ಕರ್ನಲ್ ದುಗ್ಗಲ್ ಬೋಲ್ ರಹಾ ಹೂಂ. ಹೈಂ ಜೀ?”

ಹಿತ್ತಲಿನಲ್ಲಿ ಒಂದು ಗಳಿಗೆ ಏನೂ ಅಲುಗಾಡಲಿಲ್ಲ. ಆಮೇಲೆ ಹಿಮ್ಮಡಿಗಳು ಟಕ್ಕೆಂದವು. “ಜೈ ಹಿಂದ್ ಸಾಬ್!”

ಮಹಾಗಣಪತಿಗೆ ಗರಿ ಮೂಡಿತು. ಶಾಲೆಯ ದಿನಗಳಲ್ಲಿ ಪಾಸು ಮಾಡಿದ್ದ ಹಿಂದಿಯನ್ನೆಲ್ಲ ಕೆರೆದು ಹೊರಗೆ ತೆಗೆದ. ಅದರ ಕನ್ನಡ ತಾತ್ಪರ್ಯ ಇಷ್ಟು: ನಿನ್ನ ಹೊಸ ಪೋಸ್ಟಿಂಗ್ ಕೆರಿಯಮ್ಮ ಹೋಟೆಲ್. ಅಲ್ಲಿಯ ಕಮಾಂಡರ್ ನಿನ್ನ ಹೆಂಡತಿ. ನೀನು ಹೊಸದಾಗಿ ಭರ್ತಿಯಾದ ರಿಕ್ರೂಟ್. ಈರುಳ್ಳಿ ಹೆಚ್ಚು, ತಟ್ಟೆ ತೊಳೆ, ತಾಯಿಯ ಮಂಡಿಗೆ ಎಣ್ಣೆ ತಿಕ್ಕು. ಗಿರಾಕಿಯ ಉಗುರಿನ ತಂಟೆಗೆ ಹೋಗಬೇಡ.

ಸರಿಯಾಗಿ ಆಗಲೇ ಜಟ್ಟಪ್ಪನ ಬಸ್ಸು ಎದುರಿನ ಹೋಟೆಲಿನ ಮುಂದೆ ಬಂದು ತನ್ನ ಪುಂಗಿ ಊದಿತು.

ಅದೆಂಥ ಸದ್ದೆಂದು ಸುಬೇದಾರರ ಕಿವಿ ನಿಮಿರಿತು. “ವೋ ಕ್ಯಾ ಆವಾಜ್ ಹೈ ಸಾಬ್?”

ಮಹಾಗಣಪತಿ ಮರಕ್ಕೆ ಇನ್ನಷ್ಟು ಅಂಟಿಕೊಂಡ. “ಬ್ಯಾಂಡ್! ಇಧರ್ ಬ್ಯಾಂಡ್ ಕಾ ಪ್ರಾಕ್ಟೀಸ್ ಹೋ ರಹಾ ಹೈ. ಹೈಂ ಜೀ?”

“ಬಹುತ್ ಅಚ್ಛಾ ಬ್ಯಾಂಡ್ ಹೈ ಸಾಬ್” ಎಂದರು ಸುಬೇದಾರರು.

ಸೋಮವಾರ ಬೆಳಿಗ್ಗೆ ಆನಂದಪುರಕ್ಕೆ ಬೇರೆ ಕೆಲಸವಿರಲಿಲ್ಲ. ಎದುರಿನ ಹೋಟೆಲಿನವನೂ ಅಂಗಡಿ ಬಿಟ್ಟು ಬಂದಿದ್ದ. ಸುಪ್ರಿಯಾ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದಳು, ಸೊಂಟದಲ್ಲಿ ಬೀಗದ ಕೈ, ಕೈಯಲ್ಲಿ ಸೌಟು. ಹೇಳಬೇಕಾದ ಮಾತುಗಳನ್ನೆಲ್ಲ ಹಿಂದಿನ ದಿನವೇ ರುಬ್ಬಿಟ್ಟುಕೊಂಡಿದ್ದಳು.

ಸುಬೇದಾರರು ಹೆಗಲ ಮೇಲೆ ಕಬ್ಬಿಣದ ಟ್ರಂಕು ಹೊತ್ತು ಲೆಫ್ಟ್-ರೈಟ್ ಹಾಕುತ್ತ ಬಂದರು. ಟ್ರಂಕು ಇಳಿಸಿದರು. ಹಿಮ್ಮಡಿ ಕೂಡಿಸಿ, ಹೆಂಡತಿಗೆ ಊರೆಲ್ಲ ನೋಡುವಂತೆ ಸೆಲ್ಯೂಟ್ ಹೊಡೆದರು.

“ರಿಕ್ರೂಟ್ ಮಂಜುನಾಥಪ್ಪ ಡ್ಯೂಟಿಗೆ ಹಾಜರ್, ಕಮಾಂಡರ್ ಸಾಬ್!”

“ಏನಾತಾ ಇವಂಗೆ?” ಎಂದರು ಕೆರಿಯಮ್ಮ ಒಳಗಿನಿಂದ.

ರುಬ್ಬಿಟ್ಟ ಮಾತೆಲ್ಲ ಸುಪ್ರಿಯಾಳ ಬಾಯಲ್ಲೇ ಹುಳಿ ಬಂತು. ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಹುಬ್ಬು ಕೂಡ ಅಲುಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಮಹಾಗಣಪತಿ ಖಾಲಿ ಮೊಬೈಲ್ ಕವರನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದುದನ್ನೂ ನೋಡಿದಳು.

“ಈರುಳ್ಳಿ ಮೂಲೇಲಿದೆ” ಎಂದಳು.

* * *

ಸುಬೇದಾರ್ ತಟ್ಟೆ ತೊಳೆಯುತ್ತಾರೆಂಬ ಸುದ್ದಿ ಹೊಸನಗರದವರೆಗೂ ಹೋಯಿತು. ಅದನ್ನು ನೋಡಲೆಂದೇ ಜಟ್ಟಪ್ಪ ಬಸ್ಸನ್ನು ರಸ್ತೆಯ ಈಚೆಗೆ ತಿರುಗಿಸಿದ.

“ಒಂದು ನೀರು ತಗಂಬಾ ರಿಕ್ರೂಟು!” ಎಂದ ಕಾಲು ಚಾಚಿ ಕುಳಿತು.

“ಯೆಸ್ ಸರ್!” ಎಂಬ ಉತ್ತರ ಎಷ್ಟು ಜೋರಾಗಿ ಬಂತೆಂದರೆ ಜಟ್ಟಪ್ಪ ಎದ್ದು ನಿಂತು, ನಿಂತೇ ನೀರು ಕುಡಿದು, ಕೇಳದಿದ್ದರೂ ಉಗುರು ತೋರಿಸಿದ. ಬಸ್ಸುಗಳ ಮಂದೆ ಮತ್ತೆ ಈಚೆ ದಡಕ್ಕೆ ಬಂತು.

ಕೆಲಸ ಗೆದ್ದವನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಆದರೆ ಚಪ್ಪಾಳೆ ಬಿದ್ದ ಮೇಲೆ ವೇಷ ಕಳಚುವ ನಟನನ್ನು ಯಾರಾದರೂ ಕಂಡಿದ್ದಾರೆಯೆ? ಮಹಾಗಣಪತಿ ಆಗಾಗ ಹಲಸಿನ ಮರದ ಮರೆಗೆ ಹೋಗಿ ‘ಡೆಹ್ರಾಡೂನಿನಿಂದ’ ವಿಚಾರಿಸತೊಡಗಿದ. ಈರುಳ್ಳಿ ಸಣ್ಣಗೆ ಹೆಚ್ಚಿದೆಯಾ, ಹೈಂ ಜೀ?

ಒಂದು ಮುಂಜಾನೆ, ಸೂರ್ಯನಿಗಿಂತ ಮುಂಚೆ, ಅವನ ಮನೆಯ ಬಾಗಿಲು ದಡದಡ ಎಂದಿತು. ಹೊರಗೆ ಸುಬೇದಾರರು ಬನಿಯನ್ನು, ಚಡ್ಡಿ, ಸೀಟಿ ಸಮೇತ ನಿಂತಿದ್ದರು.

“ಏಳಿ ಭಟ್ರೇ. ನಿನ್ನೆ ಕರ್ನಲ್ ಸಾಹೇಬ್ರು ಫೋನ್ ಮಾಡಿದ್ರು. ಪಕ್ಕದ ಅಂಗ್ಡಿಯವನ ಹೊಟ್ಟೆ ಅಂಗ್ಡಿಗಿಂತ ಮುಂದೆ ಬಂದದೆಯಂತೆ. ಅವನಿಗೂ ಪಿ.ಟಿ. ಮಾಡ್ಸು ಅಂದ್ರು.”

“ಹಾಗೆ... ಹಾಗೆ ಹೇಳಿದ್ರಾ?”

“ಹೇಳ್ದೆ ನಾ ಬರ್ತೀನಾ? ಬೇಕಿದ್ರೆ ನೀವೇ ಕೇಳ್ಕೊಳ್ಳಿ.”

ಯಾರನ್ನು ಕೇಳುವುದು? ಹಿಂದಿನ ದಿನ ಫೋನ್ ಮಾಡಿದ್ದು ಹೌದು. ಅದರಲ್ಲಿ ಹೊಟ್ಟೆಯ ಪ್ರಸ್ತಾಪ ಬಂದಿತ್ತೆ? ಪಾತ್ರದ ಆವೇಶದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಹೇಳುವವನಿಗೆ ಏನು ಹೇಳಿದೆನೆಂಬ ನೆನಪು ಎಲ್ಲಿಂದ ಬರಬೇಕು? ಹೇಳಿಲ್ಲ ಎನ್ನೋಣವೆಂದರೆ, ಅದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಹೊರಗೆ ಚಡ್ಡಿ ಹಾಕಿಕೊಂಡು ನಿಂತಿದೆ. ಅವನು ದೀಪ್ತಿಯ ಕಡೆ ನೋಡಿದ.

“ಹೋಗಿ ಮಾರಾಯ್ರೇ” ಎಂದಳು ಅವಳು ಹೊದಿಕೆ ಎಳೆದುಕೊಂಡು. “ಕರ್ನಲ್ಲು ಹೇಳಿದ ಮೇಲೆ ಆತು.”

ಅಂದಿನಿಂದ ಆನಂದಪುರದ ರಸ್ತೆಯಲ್ಲಿ ಮುಂದೆ ಸುಬೇದಾರರು, ಹಿಂದೆ ಏದುಸಿರು ಬಿಡುವ ಭಟ್ಟ. ಓಡಿ ಬಂದ ಮೇಲೆ ಈರುಳ್ಳಿ. ಅಕ್ಕಪಕ್ಕದವರ ನಡುವೆ ಸಹಕಾರ ಬೇಕೆಂದು ಕರ್ನಲ್ಲರೇ ಹೇಳಿದರಂತೆ! ಅಜ್ಜನ ಕಾಲದಿಂದ ಈರುಳ್ಳಿ ಒಳಗೆ ಬಾರದ ಮನೆಯ ಕುಡಿ ಬುಟ್ಟಿಯ ಮುಂದೆ ಕುಳಿತು, ಅಜ್ಜನನ್ನು ನೆನೆದಂತೆ ಕಣ್ಣೀರು ಸುರಿಸುತ್ತಿತ್ತು.

“ಭಟ್ರೇ, ನಿಮಗ್ಯಾಕೆ ಈ ಕಷ್ಟ?” ಎಂದಳು ಸುಪ್ರಿಯಾ ಸೆರಗು ಬಾಯಿಗೆ ಅಡ್ಡ ಹಿಡಿದು.

“ಆರ್ಡರ್ ಅಕ್ಕಾ.”

ಸಂಜೆ ಎಣ್ಣೆಯ ಬಟ್ಟಲು. ಎಡ ಮಂಡಿ ಮಗನದು, ಬಲ ಮಂಡಿ ಭಟ್ಟನದು ಎಂದು ಹಂಚಿಕೆಯಾಯಿತು. “ಭಟ್ರ ಕೈಯಾಗೆ ಮಂತ್ರ ಐತೆ ಕಣ್ರೋ, ಬಲ ಮಂಡಿ ಮಡಚ್ತದೆ!” ಎಂದು ಕೆರಿಯಮ್ಮ ಹೋದವರು ಬಂದವರಿಗೆಲ್ಲ ಸಾರಿದರು. ಎಡ ಮಂಡಿ ಹಿಂದೆ ಬಿತ್ತೆಂದು ಸುಬೇದಾರರು ಇನ್ನೂ ಜೋರಾಗಿ ತಿಕ್ಕಿದರು.

ಹೀಗೆ ಇಬ್ಬರು ಗಂಡಸರು ಸ್ಪರ್ಧೆಗೆ ಬಿದ್ದಿದ್ದಾಗ ಒಂದು ಮಧ್ಯಾಹ್ನ ಸುಪ್ರಿಯಾ ಕೈ ತೊಳೆದು, ಸೀರೆ ಬದಲಿಸಿ, ಜಟ್ಟಪ್ಪನ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಸಾಗರಕ್ಕೆ ಹೋಗಿ ಬಂದಳು.

“ಏನ್ ಕೆಲ್ಸ ಇತ್ತಕ್ಕ?” ಎಂದು ಕೇಳಿದ ಜಟ್ಟಪ್ಪ.

“ಏನೂ ಇಲ್ಲ. ಸುಮ್ನೆ.”

ಮದುವೆಯಾದ ಮೇಲೆ ಅವಳು ‘ಸುಮ್ನೆ’ ಎಲ್ಲಿಗಾದರೂ ಹೋಗಿದ್ದು ಅದೇ ಮೊದಲು. ಬೀಗದ ಕೈ ಮಾತ್ರ ಸೊಂಟದಲ್ಲೇ ಇತ್ತು, ಸಾಗರ ಸುತ್ತಿ ಬಂತು.

* * *

ಸುದ್ದಿ ಕೇಳಿದ ಸಿಂಚನಾ ಮೇಡಂ ಮುಂದಿನ ಸಭೆಯನ್ನು ಕೆರಿಯಮ್ಮ ಹೋಟೆಲಿನ ಅಂಗಳದಲ್ಲೇ ಇಟ್ಟರು. ಆ ಸಂಜೆ ‘ಡೆಹ್ರಾಡೂನಿನಿಂದ’ ಫೋನ್ ಬಂದಾಗ ಸುಬೇದಾರರು ಕರ್ನಲ್ಲರಿಗೆ ಹಿಂದಿಯಲ್ಲೇ ಬಿನ್ನವಿಸಿಕೊಂಡರು: “ಸಾಬ್, ನೀವೇ ಮುಖ್ಯ ಅತಿಥಿಯಾಗಿ ಬರಬೇಕು.”

“ಜರೂರ್ ಆಯೇಂಗೇ! ಹೈಂ ಜೀ?” ಎಂದುಬಿಟ್ಟಿತು ಮಹಾಗಣಪತಿಯ ಗಂಟಲು. ಮರುಕ್ಷಣ ಅವನು ನಾಲಿಗೆ ಕಚ್ಚಿಕೊಂಡ, ಹಲಸಿನ ಮರವನ್ನು ಹಿಡಿದುಕೊಂಡ.

ಮಾರನೆಯ ದಿನ ಕರ್ನಲ್ಲರಿಗೆ ಮಂಡಿ ನೋವು ಬಂತು. “ಬನ್ನಿ ಸಾಬ್, ಇಲ್ಲಿ ತಿಕ್ಕೋಕೆ ಇಬ್ರು ಇದೀವಿ, ನಮ್ ಭಟ್ರ ಕೈಯಲ್ಲಂತೂ ಮಂತ್ರ ಇದೆ” ಎಂದರು ಸುಬೇದಾರರು. ಅದರ ಮಾರನೆಯ ದಿನ ರೈಲಿನಲ್ಲಿ ಸೀಟು ಸಿಗಲಿಲ್ಲ. “ಶಿವಮೊಗ್ಗದ ತನಕ ಹ್ಯಾಗಾದ್ರೂ ಬನ್ನಿ ಸಾಬ್, ಅಲ್ಲಿಂದ ಜಟ್ಟಪ್ಪ ಮುಂದಿನ ಸೀಟು ಇಟ್ಟಿರ್ತಾನೆ.” ಅತ್ತ ಬ್ಯಾನರಿನಲ್ಲಿ ಕರ್ನಲ್ ದುಗ್ಗಲ್ ಅವರ ಹೆಸರು ಬಿತ್ತು. ಅದನ್ನು ಕಟ್ಟಲು ಏಣಿ ಹಿಡಿದುಕೊಂಡದ್ದು ಮಹಾಗಣಪತಿಯೇ.

ಸಭೆಯ ದಿನ ಅಂಗಳ ತುಂಬಿತು. ನಡುವಿನ ಕುರ್ಚಿಗೆ ಬಿಳಿ ಟವೆಲು ಹಾಸಿ ಖಾಲಿ ಇಟ್ಟಿದ್ದರು. ಮೈಕಿನ ಹಿಂದೆ ನಿಂತಿದ್ದ ಮಹಾಗಣಪತಿಗೆ ಆ ಟವೆಲು ತನ್ನ ಮೇಲೆ ಹೊದಿಸಲು ತಂದದ್ದೆಂದೇ ಕಾಣುತ್ತಿತ್ತು. ಎಲ್ಲ ಒಪ್ಪಿಕೊಂಡುಬಿಡೋಣವೆಂದು ಗಂಟಲು ಸರಿಮಾಡಿಕೊಂಡ. ಅಭ್ಯಾಸಬಲದಿಂದ ಎರಡು ಸಲ.

“ಮಾನ್ಯರೇ, ಒಂದು ವಿಷಯ...”

“ತಡೀರಿ ಭಟ್ರೇ” ಎಂದರು ಸುಬೇದಾರರು ಹಾರ ಹಿಡಿದು ಎದ್ದು. “ಸಾಹೇಬ್ರು ಬಂದಾಗಿದೆ.”

ಮಹಾಗಣಪತಿ ಮೈಕನ್ನು ಎದೆಗವಚಿಕೊಂಡ. ರಸ್ತೆ ನೋಡಿದ, ಬಸ್ಸು ನೋಡಿದ, ಹಿಂದೆ ತಿರುಗಿ ಹಲಸಿನ ಮರವನ್ನೂ ನೋಡಿದ. ತಿರುಗುವಷ್ಟರಲ್ಲಿ ಹಾರ ಅವನ ಕೊರಳಲ್ಲಿತ್ತು.

“ಜೈ ಹಿಂದ್, ಕರ್ನಲ್ ಸಾಬ್!” ಎಂದು ಸುಬೇದಾರರು ಸೆಲ್ಯೂಟ್ ಹೊಡೆದರು.

ಅಂಗಳದವರೆಲ್ಲ ಕತ್ತು ಉದ್ದ ಮಾಡಿದರು. “ಯಾ... ಯಾವತ್ತು ಗೊತ್ತಾಯ್ತು?” ಎಂದಿತು ಮಹಾಗಣಪತಿಯ ಸ್ವಂತ ದನಿ. ಅದನ್ನು ಊರು ಕೇಳಿ ಬಹಳ ದಿನಗಳಾಗಿತ್ತು.

“ಮೊದಲ್ನೇ ‘ಖ್ಹೂಂ’ಗೇ. ದುಗ್ಗಲ್ ಸಾಹೇಬ್ರು ಜನ್ಮದಲ್ಲಿ ‘ಹೈಂ ಜೀ’ ಅಂದೋರಲ್ಲ ಭಟ್ರೇ. ಅವ್ರ ದನಿ ಪಾರಿವಾಳದ ಥರ, ಪಕ್ಕದಲ್ಲಿ ನಿಂತ್ರೂ ಕೇಳ್ತಿರ್ಲಿಲ್ಲ. ಪಾರಿವಾಳದ ಕತೆ ಹೇಳಿದ್ರೆ ಯಾರು ಕೂತ್ಕೊಂಡು ಕೇಳ್ತಾರೆ? ಅದ್ಕೇ ಕೆಮ್ಮು, ‘ಹೈಂ ಜೀ’ ಎಲ್ಲ ನಾನೇ ಸೇರಿಸಿದ್ದು. ನೀವು ಕದ್ದಿದ್ದು ಕರ್ನಲ್ಲರ ಗಂಟಲಲ್ಲ, ನನ್ನದು! ಮೇಲಿಂದ ಡೆಹ್ರಾಡೂನಿನ ಬ್ಯಾಂಡಿನೋರು ಜಟ್ಟಪ್ಪನ ಹಾರ್ನ್ ಊದ್ತಾರೆ!”

ಜಟ್ಟಪ್ಪ ಎದ್ದು ನಿಂತು ಸಭೆಗೆ ಕೈ ಮುಗಿದ.

ಸಿಂಚನಾ ಮೇಡಂ ಮುಂದಕ್ಕೆ ಬಾಗಿದರು. “ಗೊತ್ತಿದ್ದೂ ಯಾಕೆ ಪಾಲಿಸಿದಿರಿ ಸರ್?”

ಸುಬೇದಾರರು ತಲೆ ಕೆರೆದುಕೊಂಡರು. “ಮೇಡಂ, ಚಾರ್ಜ್ ಕೊಡು ಅಂತ ಊರೆದುರಿಗೆ ಕೂಗಿದ್ದೆ. ಬೇಡ, ಈರುಳ್ಳಿ ಕೊಡು ಅಂತ ಕೇಳೋಕೆ ಬಾಯಿ ಬರ್ಲಿಲ್ಲ. ಆರ್ಡರ್ ಅಂತ ಒಂದು ಬಂದ್ರೆ ನಮ್ಮಂಥೋರಿಗೆ ಸಲೀಸು. ಸುಳ್ಳಾದ್ರೇನು, ಆರ್ಡರ್ ಆರ್ಡರ್ರೇ.”

“ಸುಪ್ರಿಯಾ ಅವರೇ, ನಿಮಗೂ ಗೊತ್ತಿತ್ತಾ?”

ಸುಪ್ರಿಯಾ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ಈ ತಗಡಿನ ಸೂರಿನ ಕೆಳಗಾಗ್ಲಿ, ಆ ಹಲಸಿನ ಮರದ ಕೆಳಗಾಗ್ಲಿ, ಯಾರು ಪಿಸುಗುಟ್ಟಿದ್ರೂ ನಂಗೆ ಗೊತ್ತಾಗ್ತದೆ. ಮೇಡಂ, ಹೋದ್ಸಲ ನೀವು ಜವಾಬ್ದಾರಿ ಕೊಡಿ ಅಂದ್ರಿ. ಈರುಳ್ಳಿ ಕೊಟ್ಟೀನಿ. ಮಂಡಿ ಕೊಟ್ಟೀನಿ. ತಟ್ಟೆ ಕೊಟ್ಟೀನಿ.” ಸೊಂಟದ ಮೇಲೆ ಕೈಯಿಟ್ಟಳು. “ಬೀಗದ ಕೈ ಕೊಡಲ್ಲ. ಕರ್ನಲ್ಲು ಬರ್ಲಿ, ಜನರಲ್ಲು ಬರ್ಲಿ, ಕೊಡಲ್ಲ.”

“ಹಂಗ್ ಹೇಳೇ!” ಎಂದು ಕೆರಿಯಮ್ಮ ಚಪ್ಪಾಳೆ ತಟ್ಟಿ, ಯಾರ ಕೈಯನ್ನೂ ಹಿಡಿಯದೆ ಬಲ ಮಂಡಿಯ ಮೇಲೆ ಭಾರ ಹಾಕಿ ಎದ್ದು ನಿಂತೇಬಿಟ್ಟರು. ಸಭೆಯಲ್ಲಿದ್ದ ಹೆಂಗಸರೆಲ್ಲ ಅವರ ಜೊತೆಗೆ ಎದ್ದರು. ಮಾಜಿ ಯೋಧರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಪ್ರಮೋಷನ್ ಆದ್ರೂ ಉಂಟಾ ಕಮಾಂಡರ್ ಸಾಬ್?” ಎಂದರು ಸುಬೇದಾರರು.

“ಮೊದ್ಲು ರೊಟ್ಟಿ ಗುಂಡಗೆ ಬರ್ಲಿ. ಆಮೇಲೆ ನೋಡೋಣ.”

ಮಹಾಗಣಪತಿ ಇನ್ನೂ ಹಾರದೊಳಗೇ ಲೆಕ್ಕ ಹಾಕುತ್ತಿದ್ದ. ನಿಧಾನವಾಗಿ ಬಾಯಿ ತೆರೆದ. “ಸುಬೇದಾರ್ರೇ, ಒಂದು ನಿಮಿಷ. ಕರ್ನಲ್ಲು ನಾನೇ ಆದ್ರೆ... ನನಗೆ ಪಿ.ಟಿ. ಮಾಡ್ಸು ಅಂದಿದ್ದು ಯಾರು? ಈರುಳ್ಳಿ? ಬಲ ಮಂಡಿ?”

ಸುಬೇದಾರರು ಅವನ ಕೈಯಿಂದ ಮೈಕ್ ತೆಗೆದುಕೊಂಡರು. ಎದೆ ಸೆಟೆಸಿದರು. “ಖ್ಹೂಂ, ಖ್ಹೂಂ” ಎಂದು ಗಂಟಲು ಸರಿಪಡಿಸಿಕೊಂಡರು. ಅದು ಬಚ್ಚಲಿನಲ್ಲಿ ಪಳಗಿದ ನಕಲಲ್ಲ, ತಾಯಿಬೇರಿನ ಅಸಲು. ಹಲಸಿನ ಎಲೆಗಳು ಅದುರಿದವು.

“ಹೈಂ ಜೀ?”

ಮಹಾಗಣಪತಿ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಹೆಂಡತಿಯ ಕಡೆ ನೋಡಿದ. ದೀಪ್ತಿ ಆಗಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಅವನ ಹೊಟ್ಟೆಯ ಯಾವುದೋ ಮೂಲೆಯಿಂದ, ಪಿ.ಟಿ.ಯಿಂದಲೂ ಕರಗದೆ ಉಳಿದಿದ್ದ ಜಾಗದಿಂದ, ನಗು ಹೊರಟಿತು. ಹಾರದ ಹೂವು ಉದುರಿದವು. ಕುರ್ಚಿಯ ಮೇಲೆ ಕುಸಿದು, ಬಿಳಿ ಟವೆಲಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನಕ್ಕ. ಊರೆಲ್ಲ ನಗುತ್ತಿತ್ತು, ಸುಪ್ರಿಯಾ ನಗುತ್ತಿದ್ದಳು, ಸುಬೇದಾರರ ನಗುವಿಗೆ ಮೈಕ್ ಬೇರೆ ಇತ್ತು. ಆದರೂ ಎಲ್ಲಕ್ಕಿಂತ ಮೇಲೆ ಕೇಳುತ್ತಿದ್ದುದು ಮಹಾಗಣಪತಿಯದೇ.

ಹೊತ್ತಾಯಿತೆಂದು ಜಟ್ಟಪ್ಪ ಬಸ್ಸು ಹತ್ತಿ ಜೋರಾಗಿ ಹಾರ್ನ್ ಒತ್ತಿದ. ಯಾರಿಗೂ ಕೇಳಿಸಲಿಲ್ಲ.